ಪೆಸರ್ ಎಂಬುದು ಹೆಸರಾದ ಬಗೆ

ಬಳಗದ ಕಳೆದ ಕೂಟದ ದಿನ ಚಹಾ ಬರೋದು ತಡವಾಯ್ತು. ಆ ಬಿಡುವಿನಲ್ಲಿ ಹುಟ್ಟಿದ ವಾದವೇ ಈ ಲೇಖನಕ್ಕೆ ಕಾರಣ. ನನ್ನ ಕೈಯಲ್ಲಿದ್ದ ದಪ್ಪ ಪುಸ್ತಕವನ್ನು ಗೆಳತಿಯೊಬ್ಬಳು ಕಸಿದುಕೊಂಡು, ನಾಲ್ಕು ಪುಟ ತಿರುವಿ, "ಏನೇ ಇದು? ಗ್ಯಾಂಡಾಲ್ಫ್ ಅಂತೆ, ಬೊಂಬುರ್ ಅಂತೆ, ಥೇಯೊಡೆನ್ ಅಂತೆ! ಬಾಯಿಗೆ ಬಂದ ಹೆಸರು ಇಟ್ಟು ಸಾವಿರ ಪುಟ ಬರೆದರೆ ಅದೂ ಸಾಹಿತ್ಯವೇನು?" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಹೊಳೆದದ್ದು ಆಮೇಲೆ, ಡೊಂಬಿವಲಿ ಲೋಕಲ್ಲಿನಲ್ಲಿ ಬಾಗಿಲ ಹತ್ತಿರ ನಿಂತು ಹೋಗುವಾಗ. ನಮಗೆಲ್ಲ ಒಳ್ಳೆ ಉತ್ತರ ಹೊಳೆಯೋದು ಹೀಗೆ ಗಾಡಿ ಹೊರಟ ಮೇಲೇ ಅಲ್ಲವೆ? ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಯಿಗೆ ಬಂದ ಹೆಸರುಗಳಲ್ಲ ಅವು. ಒಳ್ಳೆಯ ಫ್ಯಾಂಟಸಿ ಕಾದಂಬರಿ ಮಾಲೆಗಳಲ್ಲಿ ಒಂದೊಂದು ಹೆಸರಿನ ಹಿಂದೆಯೂ ಒಂದು ಭಾಷೆ ಇರುತ್ತದೆ. ಕೆಲವು ಸಲ ಇಡೀ ಕಥೆಯೇ ಇರುತ್ತದೆ.

ಇದು ನಮಗೆ ಹೊಸದೂ ಅಲ್ಲ. ದುರ್ಯೋಧನ ಎಂಬ ಹೆಸರನ್ನು ನಾವು ಕೆಟ್ಟವನ ಹೆಸರು ಅಂತಲೇ ಕೇಳುತ್ತೇವೆ. ಬಿಡಿಸಿ ನೋಡಿದರೆ ಯುದ್ಧದಲ್ಲಿ ಎದುರಿಸಲು ಕಷ್ಟವಾದವನು ಎಂದರ್ಥ. ದುಶ್ಶಾಸನ ಅಂದ್ರೆ ಹತೋಟಿಗೆ ಸಿಗದವನು. ಹೆಸರು ಬೈಗುಳವಲ್ಲ, ಬಿರುದು. ಕಥೆ ಗೊತ್ತಿರುವ ನಮ್ಮ ಕಿವಿ ಅದನ್ನು ಬೈಗುಳ ಮಾಡಿಕೊಂಡಿದೆ, ಅಷ್ಟೆ.

ಮೊದಲು ಎಲ್ಲರಿಗೂ ಪರಿಚಯವಿರುವ ಮಾಲೆಯನ್ನೇ ತೆಗೆದುಕೊಳ್ಳೋಣ. ಜೆ. ಕೆ. ರೋಲಿಂಗ್ ಅವರ ಹ್ಯಾರಿ ಪಾಟರ್ ಪುಸ್ತಕಗಳು ಏಳು. ಮೊದಲನೆಯದು 1997ರಲ್ಲಿ ಬಂತು, ಕೊನೆಯದು 2007ರಲ್ಲಿ. ಅದರ ಹಿರಿಯ ಗುರು ಡಂಬಲ್‌ಡೋರ್. ಇದು ದುಂಬಿಗೆ ಇಂಗ್ಲಿಷಿನಲ್ಲಿದ್ದ ಹಳೆಯ ಹಳ್ಳಿ ಮಾತು. ಆ ಮುದುಕ ತನ್ನಷ್ಟಕ್ಕೆ ಗುನುಗುತ್ತ ಓಡಾಡುವುದನ್ನು ಕಲ್ಪಿಸಿಕೊಂಡು ಈ ಹೆಸರಿಟ್ಟೆ ಎಂದು ಲೇಖಕಿಯೇ ಹೇಳಿದ್ದಾರೆ. ಇನ್ನೊಬ್ಬ ಮೇಷ್ಟ್ರು ರೀಮಸ್ ಲುಪಿನ್. ರೋಮ್ ಪಟ್ಟಣದ ಪುರಾಣದಲ್ಲಿ ತೋಳದ ಹಾಲು ಕುಡಿದು ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬನ ಹೆಸರು ರೀಮಸ್. ಲ್ಯಾಟಿನ್ನಿನಲ್ಲಿ ಲೂಪಸ್ ಅಂದರೆ ತೋಳ. ಈ ಮೇಷ್ಟ್ರು ಹುಣ್ಣಿಮೆಯ ರಾತ್ರಿ ತೋಳವಾಗುತ್ತಾರೆ ಎಂಬುದು ಮೂರನೆಯ ಪುಸ್ತಕದ ದೊಡ್ಡ ಗುಟ್ಟು. ಲ್ಯಾಟಿನ್ ಬಲ್ಲವನಿಗೆ ಆ ಗುಟ್ಟು ಹಾಜರಿ ಪುಸ್ತಕದಲ್ಲೇ ಬಯಲು! ಸಿರಿಯಸ್ ಎಂಬುದು ಒಂದು ನಕ್ಷತ್ರ. ಪಾಶ್ಚಾತ್ಯರು ಅದನ್ನು ನಾಯಿ ನಕ್ಷತ್ರ ಎನ್ನುತ್ತಾರೆ. ಆ ಹೆಸರಿನ ಪಾತ್ರ ಕರಿ ನಾಯಿಯ ರೂಪ ತಾಳುತ್ತದೆ, ಮನೆತನದ ಹೆಸರೂ ಬ್ಲ್ಯಾಕ್. ಖಳನಾಯಕನ ಹಾವಿನ ಹೆಸರು ನಾಗಿನಿ; ಅದಕ್ಕೆ ನಮ್ಮಲ್ಲಿ ಯಾರಿಗೂ ಟಿಪ್ಪಣಿ ಬೇಕಿಲ್ಲ. ಹ್ಯಾರಿಯ ಓರಗೆಯ ಅವಳಿ ಹುಡುಗಿಯರು ಪಾರ್ವತಿ ಮತ್ತು ಪದ್ಮಾ, ಅಡ್ಡಹೆಸರು ಪಾಟೀಲ. ವಿಜಯಪುರ, ಬೆಳಗಾವಿ ಕಡೆಯಿಂದ ಬಂದ ನಮ್ಮ ಬಳಗದ ಪಾಟೀಲರು ಈ ವಾಕ್ಯವನ್ನು ಎರಡು ಸಲ ಓದಬಹುದು.

ಈ ಬಗೆಯ ಹೆಸರುಗಳು ಒಗಟಿನ ಹಾಗೆ. ಬಿಡಿಸಿದರೆ ಖುಷಿ, ಬಿಡಿಸದಿದ್ದರೂ ಕಥೆ ನಿಲ್ಲೋದಿಲ್ಲ. ಆದರೆ ಹೆಸರೇ ಮೊದಲು ಬಂದು ಕಥೆ ಆಮೇಲೆ ಬಂದರೆ? ಅಂಥ ಒಬ್ಬ ಲೇಖಕ ಜೆ. ಆರ್. ಆರ್. ಟೋಲ್ಕೀನ್ (1892–1973).

ಟೋಲ್ಕೀನ್ ವೃತ್ತಿಯಿಂದ ಆಕ್ಸ್‌ಫರ್ಡಿನ ಭಾಷಾ ಪ್ರಾಧ್ಯಾಪಕರು. ಹಳೆಯ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ನಮ್ಮಲ್ಲಿ ಪಂಪ, ರನ್ನರನ್ನು ಪಾಠ ಹೇಳುವ ಮೇಷ್ಟ್ರು ರಾತ್ರಿ ಮನೆಯಲ್ಲಿ ಕೂತು ಸ್ವಂತ ಭಾಷೆಗಳನ್ನೇ ಕಟ್ಟಿ, ವ್ಯಾಕರಣ ಬರೆದು, ಆಮೇಲೆ ಆ ಭಾಷೆ ಆಡುವ ಜನ ಬೇಕಲ್ಲಾ ಅಂತ ಒಂದು ಲೋಕವನ್ನೇ ಸೃಷ್ಟಿಸಿದರೆ ಹೇಗಿರುತ್ತದೆ? ಅವರು ಮಾಡಿದ್ದು ಅದನ್ನೇ. 'ದಿ ಹಾಬಿಟ್' 1937ರಲ್ಲಿ ಬಂತು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಮೂರು ಸಂಪುಟಗಳಾಗಿ 1954 ಮತ್ತು 1955ರಲ್ಲಿ.

ನನ್ನ ಗೆಳತಿ ನಕ್ಕ ಗ್ಯಾಂಡಾಲ್ಫನಿಂದಲೇ ಶುರು ಮಾಡೋಣ. ಹಳೆಯ ಐಸ್‌ಲ್ಯಾಂಡಿನ ಭಾಷೆಯಲ್ಲಿ 'ವೊಲುಸ್ಪಾ' ಎಂಬ ಕಾವ್ಯವಿದೆ. ಲೋಕದ ಹುಟ್ಟು, ಸಾವುಗಳನ್ನು ಹೇಳುವ ಕಣಿ. ಅದರ ನಡುವೆ ಕುಳ್ಳ ಜಾತಿಯವರ ಹೆಸರುಗಳ ಒಂದು ಉದ್ದನೆಯ ಪಟ್ಟಿ ಬರುತ್ತದೆ. ಕಥೆ ಇಲ್ಲ, ಬರೀ ಹೆಸರು. ಥೋರಿನ್, ದ್ವಾಲಿನ್, ಫೀಲಿ, ಕೀಲಿ, ಬೊಂಬುರ್ — ಟೋಲ್ಕೀನರ ಕುಳ್ಳರಲ್ಲಿ ಬಹುಪಾಲು ಮಂದಿ ಆ ಪಟ್ಟಿಯಿಂದಲೇ ಎದ್ದು ಬಂದವರು. ಅದೇ ಪಟ್ಟಿಯಲ್ಲಿ ಒಂದು ಹೆಸರು ಗಂಡಾಲ್ಫ್ರ್. 'ಗಂಡ್ರ್' ಅಂದರೆ ಮಂತ್ರದ ಕೋಲು, 'ಆಲ್ಫ್ರ್' ಅಂದರೆ ಎಲ್ಫ್ ಎಂಬ ಗಂಧರ್ವಜಾತಿಯವನು. ಕುಳ್ಳರ ಪಟ್ಟಿಯಲ್ಲಿ ಕೋಲು ಹಿಡಿದ ಗಂಧರ್ವನಿಗೇನು ಕೆಲಸ? ಟೋಲ್ಕೀನರ ಮೊದಲ ಕರಡಿನಲ್ಲಿ ಗ್ಯಾಂಡಾಲ್ಫ್ ಎಂಬುದು ಕುಳ್ಳರ ನಾಯಕನ ಹೆಸರೇ ಆಗಿತ್ತು. ಮಾಂತ್ರಿಕನಿಗೆ ಬ್ಲಾಡೋರ್ಥಿನ್ ಎಂಬ ಬೇರೆ ಹೆಸರಿತ್ತು. ಬರೆಯುತ್ತ ಹೋದಂತೆ ಹೆಸರು ತನ್ನ ಸರಿಯಾದ ಒಡೆಯನ ಬಳಿಗೆ ಹೋಯಿತು. ಕೋಲು ಹಿಡಿದವನಿಗೆ ಕೋಲಿನ ಹೆಸರು ಸಿಕ್ಕಿತು.

ಕಥಾನಾಯಕ ಫ್ರೋಡೊ. ಹಳೆಯ ಇಂಗ್ಲಿಷಿನ 'ಫ್ರೋದ್' ಅಂದರೆ ಅನುಭವದಿಂದ ಬುದ್ಧಿ ಬಂದವನು. ಅವನ ಸೇವಕ, ಗೆಳೆಯ, ಕೊನೆಗೆ ಅವನನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವನು ಸ್ಯಾಮ್‌ವೈಸ್. ಹಳೆಯ ಇಂಗ್ಲಿಷಿನಲ್ಲಿ 'ಸಾಮ್‌ವೀಸ್' ಅಂದರೆ ಅರೆಬುದ್ಧಿಯವನು, ನಮ್ಮ ಮಾತಲ್ಲಿ ಪೆದ್ದ. ಅಪ್ಪ ಮಗನಿಗೆ ಪೆದ್ದ ಅಂತ ಹೆಸರಿಟ್ಟ. ಆ ಪೆದ್ದನಿಲ್ಲದೆ ಬುದ್ಧಿವಂತನ ಕೆಲಸ ಮುಗಿಯಲಿಲ್ಲ. ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟರೆ ಕಾದಂಬರಿಯ ಅರ್ಧ ತಿರುಳು ಸಿಕ್ಕಿಬಿಡುತ್ತದೆ.

ಸ್ಯಾಮನ ಅಡ್ಡಹೆಸರಿನದು ಇನ್ನೊಂದು ತಮಾಷೆ. ಅದು ಗ್ಯಾಮ್‌ಜಿ. ಬರ್ಮಿಂಗ್‌ಹ್ಯಾಮಿನಲ್ಲಿ ಸ್ಯಾಂಪ್ಸನ್ ಗ್ಯಾಮ್‌ಜಿ ಎಂಬ ಶಸ್ತ್ರವೈದ್ಯರಿದ್ದರು. ಗಾಯಕ್ಕೆ ಕಟ್ಟುವ ಹತ್ತಿಯ ಪಟ್ಟಿಯೊಂದನ್ನು 1880ರಲ್ಲಿ ಕಂಡುಹಿಡಿದರು. ಆ ಕಡೆ ಬೆಳೆದ ಟೋಲ್ಕೀನರ ಬಾಲ್ಯದಲ್ಲಿ ಹತ್ತಿಗೆ ಗ್ಯಾಮ್‌ಜಿ ಎನ್ನುವುದೇ ರೂಢಿ. ಸ್ಯಾಮ್ ಮದುವೆಯಾಗುವ ಹುಡುಗಿಯ ಮನೆತನ ಕಾಟನ್, ಅಂದ್ರೆ ಹತ್ತಿ! 1956ರಲ್ಲಿ ಲಂಡನ್ನಿನಿಂದ ನಿಜವಾದ ಸ್ಯಾಮ್ ಗ್ಯಾಮ್‌ಜಿ ಒಬ್ಬರು, ನನ್ನ ಹೆಸರು ನಿಮ್ಮ ಪುಸ್ತಕಕ್ಕೆ ಹೇಗೆ ಬಂತು ಅಂತ ಪತ್ರ ಬರೆದು ಕೇಳಿದರು. ಟೋಲ್ಕೀನ್ ಸಂತೋಷದಿಂದ ಉತ್ತರಿಸಿದರು. ಗೊಲ್ಲಮ್ ಎಂಬುವವನಿಂದ ಪತ್ರ ಬಂದೀತೇನೋ ಎಂಬ ಹೆದರಿಕೆಯನ್ನೂ ಆಮೇಲೆ ತೋಡಿಕೊಂಡರು. ಗೊಲ್ಲಮ್ ಯಾರೆಂದು ಗೊತ್ತಿಲ್ಲದವರಿಗೆ: ಉಂಗುರದ ಆಸೆಗೆ ಗೆಳೆಯನನ್ನೇ ಕೊಂದು, ಕತ್ತಲ ಗುಹೆ ಸೇರಿದವನು. ಗಂಟಲಲ್ಲಿ ಬರುವ 'ಗೊಲ್ಲಮ್' ಎಂಬ ಸದ್ದೇ ಅವನ ಹೆಸರಾಯಿತು. ಅವನ ನಿಜ ಹೆಸರು ಸ್ಮೇಯಾಗೊಲ್. ಫ್ರೋಡೊ ಆ ಹಳೆಯ ಹೆಸರಿನಿಂದ ಅವನನ್ನು ಕರೆದಾಗ ಸ್ವಲ್ಪ ಹೊತ್ತು ಅವನು ಮೆತ್ತಗಾಗುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕನ್ನಡ ಓದುವ ನಮಗೆ ಎಲ್ಲಕ್ಕಿಂತ ರುಚಿಸಬೇಕಾದದ್ದು ಇನ್ನೊಂದು. ಟೋಲ್ಕೀನ್ ಕಾದಂಬರಿಯ ಕೊನೆಯ ಅನುಬಂಧದಲ್ಲಿ ಒಂದು ಆಟ ಹೂಡುತ್ತಾರೆ. ಈ ಪುಸ್ತಕ ನನ್ನದಲ್ಲ, ಬಹಳ ಹಿಂದಿನ ಒಂದು ಭಾಷೆಯಿಂದ ಮಾಡಿದ ಅನುವಾದ ಎಂಬಂತೆ ಬರೆಯುತ್ತಾರೆ. ಹಾಬಿಟ್ಟರ ಆಡುಮಾತನ್ನು ಈಗಿನ ಇಂಗ್ಲಿಷಿಗೆ ತಂದೆ. ಕುದುರೆ ಸವಾರರ ನಾಡಾದ ರೋಹನ್ನಿನ ಜನ ಅದೇ ಬಳಗದ ಹಳೆಯ ನುಡಿ ಆಡುತ್ತಿದ್ದರು, ಹಾಗಾಗಿ ಅವರ ಹೆಸರುಗಳನ್ನು ಹಳೆಯ ಇಂಗ್ಲಿಷಿಗೆ ತಂದೆ ಎಂದು. ಇದು ಅರ್ಥವಾಗಲು ನಮಗೆ ಕಷ್ಟವಿಲ್ಲ. ಹಾಬಿಟ್ಟರು ಹೊಸಗನ್ನಡದವರು, ರೋಹನ್ನಿನವರು ಹಳಗನ್ನಡದವರು ಅಂದುಕೊಳ್ಳಿ. ಒಬ್ಬರು ಹಾಲು, ಹುಲಿ, ಹೂ ಅಂದರೆ ಇನ್ನೊಬ್ಬರು ಪಾಲ್, ಪುಲಿ, ಪೂ ಅನ್ನುತ್ತಾರೆ. ನಾವು ಹೆಸರು ಅನ್ನುವುದನ್ನು ಅವರು ಪೆಸರ್ ಅನ್ನುತ್ತಾರೆ. ಹಾಬಿಟ್ ಎಂಬ ಪದದ ಕಥೆಯೂ ಹೀಗೇ. ರೋಹನ್ನಿನ ನುಡಿಯಲ್ಲಿ ಅದು 'ಹೋಲ್‌ಬಿಟ್ಲಾ', ಬಿಲ ಕಟ್ಟುವವನು. ಬಾಯಿಂದ ಬಾಯಿಗೆ ಸವೆದು ಹಾಬಿಟ್ ಆಯಿತು. ವಾಸ್ತವದಲ್ಲಿ ಹಾಬಿಟ್ ಎಂಬ ಪದವೇ ಮೊದಲು ಹೊಳೆದದ್ದು, ಅದೂ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತ ಕೂತಾಗ. ಬೇರನ್ನು ಆಮೇಲೆ ಕಟ್ಟಿದರು. ಆದರೆ ಎಷ್ಟು ನಿಯಮಬದ್ಧವಾಗಿ ಕಟ್ಟಿದರೆಂದರೆ, ಬೇರೇ ಮೊದಲಿತ್ತೇನೋ ಎನಿಸುತ್ತದೆ.

ರೋಹನ್ನಿನ ರಾಜ ಥೇಯೊಡೆನ್; ಆ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಅರಸ ಎಂದೇ ಅರ್ಥ. ಅವನ ಸೋದರ ಸೊಸೆ ಎಯೊವಿನ್. 'ಎಯೊಹ್' ಅಂದರೆ ಕುದುರೆ, 'ವಿನ್' ಅಂದರೆ ಆನಂದ. ಈ ಎಯೊಹ್, ಲ್ಯಾಟಿನ್ನಿನ 'ಎಕ್ವುಸ್', ಸಂಸ್ಕೃತದ 'ಅಶ್ವ' ಮೂರೂ ಒಂದೇ ಮೂಲದಿಂದ ಬಂದವು ಎಂಬುದು ಭಾಷಾಶಾಸ್ತ್ರದ ಮಾತು. ಮೋಸದ ಮಾಂತ್ರಿಕ ಸರುಮಾನನ ಹೆಸರಿನಲ್ಲಿರುವ 'ಸೆಯರು' ಅಂದರೆ ಕುಯುಕ್ತಿ, ಯಂತ್ರತಂತ್ರ. ಅವನು ಕಾಡು ಕಡಿದು ಕುಲುಮೆ ಹೂಡುವವನೂ ಹೌದು.

ಇಷ್ಟು ಆಸ್ಥೆಯಿಂದ ಹೆಸರಿಟ್ಟವರಿಗೆ ಅನುವಾದಕರು ಕೈ ಹಾಕಿದರೆ ಸಿಟ್ಟು ಬಾರದೆ ಇರುತ್ತದೆಯೆ? 1956ರಲ್ಲಿ ಡಚ್ ಅನುವಾದ ಹೊರಡುವಾಗ ಊರು ಹೆಸರುಗಳನ್ನು ಬದಲಿಸಿದ್ದನ್ನು ಕಂಡು ಟೋಲ್ಕೀನ್ ಖಾರವಾಗಿ ಆಕ್ಷೇಪಿಸಿದರು. ಆಮೇಲೆ ಅವರೇ ಅನುವಾದಕರಿಗೆಂದು ಒಂದು ಹೆಸರು ಕೈಪಿಡಿ ಬರೆದರು. ಅವರು ತೀರಿಕೊಂಡ ಮೇಲೆ 1975ರಲ್ಲಿ ಅದು ಅಚ್ಚಾಯಿತು. ಅದರ ಸೂತ್ರ ಸರಳ: ಇಂಗ್ಲಿಷ್ ಓದುಗನಿಗೆ ಅರ್ಥ ಹೊಳೆಯುವಂಥ ಹೆಸರನ್ನು ನಿಮ್ಮ ಭಾಷೆಗೆ ಅರ್ಥ ಹಿಡಿದು ತನ್ನಿ; ಅವನಿಗೂ ಪರಕೀಯವಾದದ್ದನ್ನು ಹಾಗೇ ಬಿಡಿ. ಬ್ಯಾಗಿನ್ಸ್ ಎಂಬ ಮನೆತನದ ಹೆಸರಿನಲ್ಲಿ ಚೀಲ ಕಾಣಬೇಕಂತೆ. ಯುರೋಪಿನವರಿಗೆ ಇದು ತೊಡಕಾಗಿರಬಹುದು, ಉತ್ತರ ಕರ್ನಾಟಕದವರಿಗೆ ನೀರು ಕುಡಿದಷ್ಟು ಸುಲಭ! ಬೆಲ್ಲದ, ತುಪ್ಪದ, ಅಕ್ಕಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳಿರುವ ನಾಡಿನಲ್ಲಿ 'ಬಿಲ್ಬೊ ಚೀಲದ' ಅಂದರೆ ಯಾರೂ ತಿರುಗಿ ನೋಡಲಾರರು. ಯಾವ ಊರಿನವರು, ಯಾವ ಓಣಿ ಅಂತ ಕೇಳಿಯಾರು, ಅಷ್ಟೆ.

ಇಲ್ಲಿಗೆ ಲೇಖನ ಮುಗಿಸಬಹುದಿತ್ತು. ಗೆಳತಿಗೆ ಉತ್ತರ ಸಿಕ್ಕ ಹಾಗೇ. ಆದರೆ ಇನ್ನೊಬ್ಬ ಲೇಖಕಿಯ ವಿಷಯ ಹೇಳದೆ ನನಗೆ ಸಮಾಧಾನವಿಲ್ಲ.

ಅಮೆರಿಕದ ಉರ್ಸುಲಾ ಲೆ ಗ್ವಿನ್ (1929–2018) ಅವರ ಅರ್ತ್‌ಸೀ ಮಾಲೆ 1968ರಲ್ಲಿ ಶುರುವಾಯಿತು. ಟೋಲ್ಕೀನ್ ಬೇರು ಹಿಡಿದು ಹೆಸರು ಕಟ್ಟಿದರೆ, ಲೆ ಗ್ವಿನ್ ಕಿವಿಗೊಟ್ಟು ಹೆಸರು ಹುಡುಕಿದವರು. ಸರಿಯಾದ ಸದ್ದು ಕೇಳಿಬರುವ ತನಕ ಕಾಯುತ್ತಿದ್ದರು. ಅವರ ಹೆಸರುಗಳಿಗೆ ನಿಘಂಟು ಹುಡುಕಿ ಫಲವಿಲ್ಲ. ಬದಲಿಗೆ ಹೆಸರು ಎಂಬುದೇ ಅವರ ಕಾದಂಬರಿಯ ವಸ್ತು.

ಅರ್ತ್‌ಸೀ ದ್ವೀಪಗಳಲ್ಲಿ ಪ್ರತಿಯೊಬ್ಬರಿಗೂ ಒಂದು ನಿಜನಾಮ ಇರುತ್ತದೆ. ನಾಯಕನಿಗೆ ಬಾಲ್ಯದಲ್ಲಿ ದೂನಿ ಎಂಬ ಹೆಸರು. ಹದಿಮೂರನೆಯ ವಯಸ್ಸಿಗೆ ಆ ಹೆಸರು ಕಳಚಿ, ಹೊಳೆಯ ನೀರು ದಾಟಿ ಬಂದಾಗ ಗುರು ಕಿವಿಯಲ್ಲಿ ನಿಜನಾಮ ಉಸುರುತ್ತಾನೆ: ಗೆಡ್. ಊರ ಜನ ಕರೆಯುವುದು ಮಾತ್ರ ಬಳಕೆಯ ಹೆಸರಿನಿಂದ, ಡೇಗೆ ಅಂತ. ಯಾಕೆಂದರೆ ನಿಜನಾಮ ಬಲ್ಲವನ ಕೈಯಲ್ಲಿ ಆ ಮನುಷ್ಯನ ಪ್ರಾಣವೇ ಇರುತ್ತದೆ. ಗೆಳೆಯ ಗೆಳೆಯನಿಗೆ ತನ್ನ ನಿಜನಾಮ ಹೇಳಿದನೆಂದರೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ನಮಗೆ ಇದೂ ಅಪರಿಚಿತವಲ್ಲ. ಗಂಡನ ಹೆಸರು ಹೇಳದ ಅಜ್ಜಿಯರು ನಮ್ಮ ಮನೆಗಳಲ್ಲಿ ಇದ್ದರು. ಹೇಳಲೇಬೇಕಾದಾಗ ಒಡಪಿನಲ್ಲಿ ಸುತ್ತಿ ಹೇಳುತ್ತಿದ್ದರು. ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅನ್ನುವವರು ಈಗಲೂ ಇದ್ದಾರೆ. ಹೆಸರಿಗೂ ವಸ್ತುವಿಗೂ ನಡುವೆ ಒಂದು ತಂತಿ ಇದೆ, ಎಳೆದರೆ ಅದು ಬಂದೀತು ಎಂಬ ಭಯ.

ಮಾಲೆಯ ಎರಡನೆಯ ಪುಸ್ತಕ 'ದಿ ಟೂಂಬ್ಸ್ ಆಫ್ ಅಟುವಾನ್' 1971ರಲ್ಲಿ ಬಂತು. ತೆನಾರ್ ಎಂಬ ಪುಟ್ಟ ಹುಡುಗಿಯನ್ನು ತಂದೆತಾಯಿಯಿಂದ ಬಿಡಿಸಿ ಗೋರಿಗಳ ಪೂಜಾರಿಣಿಯನ್ನಾಗಿ ಮಾಡುತ್ತಾರೆ. ಅವಳ ಹೆಸರನ್ನು ವಿಧಿಪೂರ್ವಕ ಕಿತ್ತುಕೊಂಡು ಅರ್ಹಾ ಎಂದು ಕರೆಯುತ್ತಾರೆ. ಅಲ್ಲಿಯ ಮಾತಿನಲ್ಲಿ ಅರ್ಹಾ ಅಂದರೆ ನುಂಗಲ್ಪಟ್ಟವಳು. ತನ್ನ ಹೆಸರು ಏನಿತ್ತೆಂಬುದೇ ಅವಳಿಗೆ ಮಸುಕಾಗುತ್ತದೆ. ವರ್ಷಗಳ ಮೇಲೆ ಗೆಡ್ ಆ ಕತ್ತಲಲ್ಲಿ ಸೆರೆ ಸಿಕ್ಕು, ತನ್ನ ವಿದ್ಯೆಯಿಂದ ಅವಳ ಹೆಸರು ತಿಳಿದು ಅವಳಿಗೆ ಹೇಳುತ್ತಾನೆ. ಅವನು ಕೊಟ್ಟದ್ದು ಚಿನ್ನವಲ್ಲ, ಮಂತ್ರವಲ್ಲ, ಅವಳದ್ದೇ ಹೆಸರು. ಅಲ್ಲಿಂದ ಅವಳ ಬಿಡುಗಡೆ ಶುರು.

ಲೆ ಗ್ವಿನ್ನರ ತಂದೆ ಆಲ್ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯಾಹಿ ಎಂಬ ಬುಡಕಟ್ಟಿನ ಕೊನೆಯ ಮನುಷ್ಯ ಊರಿನೊಳಗೆ ಬಂದ. ಅವನ ಜನರೆಲ್ಲ ಅಳಿದಿದ್ದರು. ತನ್ನ ಹೆಸರು ತಾನೇ ಹೇಳಿಕೊಳ್ಳುವುದು ಅವರ ಪದ್ಧತಿಯಲ್ಲಿ ಇರಲಿಲ್ಲ; ತನ್ನವನೊಬ್ಬ ಹೇಳಬೇಕು. ಹೇಳಲು ಯಾರೂ ಉಳಿದಿರಲಿಲ್ಲ. ಕ್ರೋಬರ್ ಅವನನ್ನು ಇಶಿ ಎಂದು ಕರೆದರು. ಅವನ ಭಾಷೆಯಲ್ಲಿ ಅದಕ್ಕೆ ಮನುಷ್ಯ ಎಂದರ್ಥ. 1916ರಲ್ಲಿ ಅವನು ತೀರಿಕೊಂಡ, ನಿಜ ಹೆಸರು ಅವನ ಜೊತೆಗೇ ಹೋಯಿತು. ಅವನ ಕಥೆಯನ್ನು 1961ರಲ್ಲಿ ಪುಸ್ತಕವಾಗಿ ಬರೆದವರು ಲೆ ಗ್ವಿನ್ನರ ತಾಯಿ ಥಿಯೊಡೋರಾ. ಇದರಿಂದಲೇ ಅರ್ತ್‌ಸೀ ಹುಟ್ಟಿತು ಅಂತ ನಾನು ಹೇಳೋದಿಲ್ಲ. ಆದರೆ ಹೆಸರು ಎಷ್ಟು ಭಾರದ ಮಾತು ಎಂಬುದು ಆ ಮನೆಗೆ ಗೊತ್ತಿತ್ತು.

ತೆನಾರಳ ಕಥೆ ಓದಿದಾಗ ನಾನು ಪುಸ್ತಕ ಮುಚ್ಚಿ ಅಡಿಗೆಮನೆ ಕಡೆ ನೋಡಿದೆ. ಕಾರಣ ಹೇಳುತ್ತೇನೆ.

ನನ್ನ ಅವ್ವನ ತವರು ಧಾರವಾಡದ ಕಡೆ. ಮದುವೆಯ ದಿನ ಅಕ್ಕಿ ಹರವಿದ ತಾಟಿನಲ್ಲಿ ಉಂಗುರದಿಂದ ಬರೆದು ಅವಳಿಗೆ ಹೊಸ ಹೆಸರು ಇಟ್ಟರು. ಆ ಪದ್ಧತಿ ಇಲ್ಲಿಯ ಮರಾಠಿಗರಲ್ಲೂ ಉಂಟು, ನಮ್ಮ ಕಡೆಯ ಕೆಲವು ಮನೆತನಗಳಲ್ಲೂ ಉಂಟು. ಹಳೆಯ ಹೆಸರು ಅವರೂರಿನ ದೇವಿಯದು, ಅಜ್ಜಿ ಹರಕೆ ಹೊತ್ತು ಇಟ್ಟದ್ದು, ಉದ್ದನೆಯದು. ಹೊಸದು ಮೂರಕ್ಷರದ್ದು, ಮುಂಬಯಿಯ ನಾಲಿಗೆಗೆ ಸಲೀಸು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಪ್ರೀತಿಯಿಂದಲೇ ಇಟ್ಟರು, ಪೇಢೆ ಹಂಚಿದರು.

ಎರಡು ವರ್ಷದ ಹಿಂದೆ ತವರಿನ ಮನೆಯ ಕಾಗದಪತ್ರದ ಸಲುವಾಗಿ ಅವ್ವ ಸಹಿ ಮಾಡಬೇಕಾಗಿ ಬಂತು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು. ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿ ಅಂದರು ವಕೀಲರು. ಹಿಂದಿನ ರಾತ್ರಿ ಅವ್ವ ಪೇಪರಿನ ಅಂಚಿನಲ್ಲಿ ತನ್ನ ಹಳೆಯ ಹೆಸರಿನ ಸಹಿ ಮಾಡಿ ನೋಡುತ್ತಿದ್ದಳು. ಮೊದಲ ಸಲ ಒಂದಕ್ಷರ ಬಿಟ್ಟಳು. ಎರಡನೇ ಸಲ ಕೈ ನಿಂತಿತು. ಮೂರನೇ ಸಲ ಸರಿಯಾಗಿ ಬಂತು. ಶಾಲೆಯ ಹುಡುಗಿಯ ದುಂಡಗಿನ ಅಕ್ಷರ. "ಕೈ ಮರೆತಿಲ್ಲ ನೋಡು" ಅಂದಳು. ನಿನಗ ಬೇಜಾರ ಆಗೂದಿಲ್ಲೇನು ಅಂತ ನಾನು ಕೇಳಿದೆ. "ಬೇಜಾರೇನ ಬಂತು. ನಮ್ಮ ಅಣ್ಣ ಫೋನ್ ಮಾಡಿದಾಗ ಆ ಹೆಸರ್ಲೇನs ಕರೀತಾನಲ್ಲ. ಅಂವ ಇರೂತನಕಾ ಆ ಹೆಸರು ಅದ" ಅಂದು ದೀಪ ಆರಿಸಿದಳು.

ಇಶಿಯ ಕಥೆ ಓದಿದ್ದು ಆಮೇಲೆ. ಹೆಸರು ಹೇಳಲು ತನ್ನವನೊಬ್ಬ ಬೇಕು ಎಂಬ ಮಾತು ಬಂದಾಗ ನನಗೆ ಕೇಳಿಸಿದ್ದು ಧಾರವಾಡದಿಂದ ಬರುವ ಮಾಮನ ಫೋನು.

ಗೆಳತಿ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಬಾಯಿಗೆ ಬಂದ ಹೆಸರು ಅಂತ ಲೋಕದಲ್ಲಿ ಯಾವುದೂ ಇಲ್ಲ, ಪುಸ್ತಕದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಟೋಲ್ಕೀನ್ ಒಂದು ಸತ್ತ ಪಟ್ಟಿಯಿಂದ ಹೆಸರೊಂದನ್ನು ಎತ್ತಿ ಅದಕ್ಕೆ ತಕ್ಕ ಮನುಷ್ಯನನ್ನು ಹುಡುಕಿದರು. ಲೆ ಗ್ವಿನ್ ಹೆಸರು ಕಳೆದುಕೊಂಡವಳಿಗೆ ಅದನ್ನು ತಿರುಗಿ ಕೊಡಿಸಿದರು. ನಮ್ಮ ಬೇಂದ್ರೆಯವರು ಕವಿತೆಗೆ ಅಂಕಿತ ಬೇಕೆಂದಾಗ ಅಂಬಿಕಾತನಯದತ್ತ ಎಂದು ತಾಯಿಯ ಹೆಸರನ್ನೇ ಮುಂದಿಟ್ಟುಕೊಂಡರು. ಹೆಸರಿಡುವುದು ಮೂವರಿಗೂ ಹಗುರ ಕೆಲಸವಾಗಿರಲಿಲ್ಲ.

ಅವ್ವನ ಆ ಉದ್ದನೆಯ ಹೆಸರು ಏನು ಅಂತ ನೀವು ಕೇಳಬಹುದು. ಇಲ್ಲಿ ಬರೆಯೋದಿಲ್ಲ. ಅರ್ತ್‌ಸೀಯ ನಿಯಮದಂತೆ ಅದನ್ನು ಹೇಳುವ ಹಕ್ಕು ಅವಳದು. ನಾನಿನ್ನೂ ಅಪ್ಪಣೆ ಕೇಳಿಲ್ಲ. ಮುಂದಿನ ಕೂಟಕ್ಕೆ ಬರುವಾಗ ನೀವೂ ಮನೆಯಲ್ಲಿ ನಿಮ್ಮ ಹೆಸರು ಯಾರು ಇಟ್ಟರು, ಯಾಕೆ ಇಟ್ಟರು ಅಂತ ಕೇಳಿಕೊಂಡು ಬನ್ನಿ. ಹಾಗೇ ತಾಯಿಯ ಹೆಸರನ್ನೂ ಕೇಳಿ, ಮದುವೆಗೆ ಮುಂಚಿನದನ್ನು. ಚಹಾ ಈ ಸಲವೂ ತಡವಾದೀತು, ಮಾತಿಗೆ ಸಾಕಷ್ಟು ವೇಳೆ ಇರುತ್ತದೆ.